ಎಂಜಿ ಕಾರಿನೊಳಗೆ ಅಂಬಾಸಿಡರ್ ರಿಂಗು: ಅಂಗಳದಲ್ಲಿ ಎಂಜಿನ್ ಕಟ್ಟಿದ ಕಾಲದ ಕಥೆ

ಬಸ್ಸಲ್ಲಿದ್ದೀರೋ, ಅಡುಗೆಮನೆಯಲ್ಲಿದ್ದೀರೋ, ಇಯರ್‌ಫೋನ್ ಸರಿ ಮಾಡ್ಕೊಳ್ಳಿ. ಇವತ್ತು ಸ್ವಲ್ಪ ಗ್ರೀಸ್ ವಾಸನೆ ಬರುವ ಇತಿಹಾಸ.

ಮೊದಲು ಒಂದು ದೃಶ್ಯ. ಇದು ನಾನೇ ಕಲ್ಪಿಸಿಕೊಂಡದ್ದು, ಆದರೆ ಇದರೊಳಗಿನ ಎಂಜಿನ್ ಲೆಕ್ಕ ಮಾತ್ರ ಪಕ್ಕಾ. ಇಸವಿ 1970ರ ಆಸುಪಾಸು, ಹೊನ್ನಾವರದ ಒಂದು ಮನೆಯ ಅಂಗಳ. ಮಳೆಗಾಲ ಈಗಷ್ಟೇ ಮುಗಿದಿದೆ. ಅಡಿಕೆ ಒಣಗಿಸಬೇಕಾದ ಜಾಗದಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ಒಂದು ಎಂಜಿನ್ ಬಿಚ್ಚಿ ಹರಡಿದ್ದಾರೆ. ಪಕ್ಕದಲ್ಲಿ ಬಾನೆಟ್ ತೆಗೆದ ಎರಡೇ ಸೀಟಿನ ಕಾರು, ಎಂಜಿಎ. ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಎಷ್ಟೋ ವರ್ಷ ಶೆಡ್ಡಿನಲ್ಲಿ ನಿಂತು, ಉಪ್ಪು ಗಾಳಿಗೆ ಪಿಸ್ಟನ್ ಹಿಡಿದುಬಿಟ್ಟಿದೆ. ಮನೆಯ ಹುಡುಗ ಸುತ್ತಿಗೆ ಎತ್ತುತ್ತಾನೆ. ಮಿಸ್ತ್ರಿ ಕೈ ಹಿಡಿದು ಹೇಳ್ತಾರೆ: "ತಮಾ, ಹೊಡೀಬೇಡ. ಚಿಮಣಿ ಎಣ್ಣೆ ಹಾಕಿ ಎಂಟು ದಿನ ಬಿಡು."

ಪ್ರಶ್ನೆ ಇಷ್ಟೇ. ಪಿಸ್ಟನ್ ಬಿಟ್ಟಿತು ಅಂತಲೇ ಇಟ್ಕೊಳ್ಳಿ. ಸವೆದ ರಿಂಗಿಗೆ ಬದಲಿ ಎಲ್ಲಿಂದ ತರೋದು? ಆನ್‌ಲೈನ್ ಆರ್ಡರ್ ಇಲ್ಲ, ಕಂಪನಿ ಶೋರೂಮ್ ಇಲ್ಲ. ಉತ್ತರ ಸಿಕ್ಕಿದ್ದು ಎಲ್ಲಿ ಗೊತ್ತಾ? ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ. ಹೇಗೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಬಾಗಿಲು ಮುಚ್ಚಿದ ವರ್ಷಗಳು

ಭಾರತಕ್ಕೆ ಕಾರು ಮೊದಲು ಬಂದದ್ದು ಹಡಗಿನಲ್ಲಿ. ಆಮೇಲೆ ಫೋರ್ಡ್ 1926ರಲ್ಲಿ, ಜನರಲ್ ಮೋಟರ್ಸ್ 1928ರಲ್ಲಿ ಇಲ್ಲಿಗೇ ಬಂದು, ಬಿಡಿಭಾಗ ತರಿಸಿ ಜೋಡಿಸಿ ಮಾರತೊಡಗಿದವು. ಸ್ವಾತಂತ್ರ್ಯ ಬಂತು. ಬರೀ ಜೋಡಿಸುವುದು ಸಾಲದು, ಇಲ್ಲೇ ತಯಾರಿಸುವವರಿಗೆ ಮಾತ್ರ ಅವಕಾಶ ಎಂಬ ನೀತಿ 1953ರಲ್ಲಿ ಗಟ್ಟಿಯಾಯಿತು. ಮರು ವರ್ಷದ ಹೊತ್ತಿಗೆ ಆ ಎರಡೂ ಕಂಪನಿ ಗಂಟುಮೂಟೆ ಕಟ್ಟಿದವು.

ಕಾರಿನ ಲೆಕ್ಕದಲ್ಲಿ ಮುಖ್ಯವಾಗಿ ಉಳಿದದ್ದು ಮೂರು ಮನೆ. ಉತ್ತರಪಾರಾದ ಹಿಂದುಸ್ತಾನ್ ಮೋಟರ್ಸ್, ಮುಂಬೈಯ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್. ಅಂದರೆ ಅಂಬಾಸಿಡರ್, ಫಿಯೆಟ್, ಹೆರಾಲ್ಡ್. ಹೊರಗಿನ ಕಾರು ತರಿಸಬೇಕೆಂದರೆ ಲೈಸೆನ್ಸ್ ಬೇಕು, ವಿದೇಶಿ ವಿನಿಮಯ ಬೇಕು, ಸುಂಕ ಕಟ್ಟಬೇಕು. ಬಿಡಿಭಾಗಕ್ಕೂ ಹೆಚ್ಚುಕಡಿಮೆ ಅದೇ ಕಥೆ. ರಾಜಮನೆತನದವರು, ಪ್ಲಾಂಟರುಗಳು, ರಾಯಭಾರ ಕಚೇರಿಯವರು ತಂದಿಟ್ಟ ಸ್ಪೋರ್ಟ್ಸ್ ಕಾರುಗಳು ಕೈಯಿಂದ ಕೈಗೆ ಹೋಗ್ತಾ ಹೋದವು. ಕಾರು ಅಗ್ಗವಾಗ್ತಾ ಬಂತು, ರಿಪೇರಿ ಕಷ್ಟವಾಗ್ತಾ ಬಂತು.

ಇಲ್ಲದ್ದನ್ನು ಇದ್ದದ್ದರಲ್ಲಿ ನಡೆಸುವುದು ನಮಗೆ ಹೊಸದೇನೂ ಆಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ರೇಷನ್ ಆದಾಗ ಬಸ್ಸುಗಳ ಬೆನ್ನಿಗೆ ಉದ್ದನೆಯ ಒಲೆ ಕಟ್ಟಿದ್ದರು. ಅದರಲ್ಲಿ ಇದ್ದಿಲು ಅರೆಬರೆ ಉರಿದು ಬರುವ ಅನಿಲವನ್ನೇ ಎಂಜಿನ್ನಿಗೆ ಕೊಡುವುದು. ಶಕ್ತಿ ಕಡಿಮೆ, ಏರು ಬಂದರೆ ಏದುಸಿರು. ಆದರೂ ಬಸ್ಸು ಓಡಿತು.

ಟ್ಯಾಕ್ಸಿಯೂ ಸ್ಪೋರ್ಟ್ಸ್ ಕಾರೂ ದಾಯಾದಿಗಳು

ಈಗ ಗುಟ್ಟಿಗೆ ಬರೋಣ. ಇವತ್ತು ರಸ್ತೆಯಲ್ಲಿ ಎಂಜಿ ಹೆಕ್ಟರ್ ನೋಡಿರ್ತೀರಿ. ಎಂಜಿ ಅಂದರೆ ಏನು? ಮಾರಿಸ್ ಗ್ಯಾರೇಜಸ್. ಹೌದು, ಗ್ಯಾರೇಜೇ. ಆಕ್ಸ್‌ಫರ್ಡಿನಲ್ಲಿ ಮಾರಿಸ್ ಕಾರು ಮಾರಿ ರಿಪೇರಿ ಮಾಡುತ್ತಿದ್ದ ಜಾಗ. ಅಲ್ಲಿನ ಮ್ಯಾನೇಜರ್ ಸಿಸಿಲ್ ಕಿಂಬರ್ 1920ರ ದಶಕದಲ್ಲಿ ಸಾದಾ ಮಾರಿಸ್ ಕಾರುಗಳಿಗೆ ಹಗುರ ಬಾಡಿ ಕಟ್ಟಿಸಿ ಮಾರತೊಡಗಿದ. ಅಲ್ಲಿಂದ ಹುಟ್ಟಿದ್ದು ಎಂಜಿ. ಇನ್ನೊಬ್ಬ, ಕಾಲಿನ್ ಚಾಪ್‌ಮನ್, 1948ರಲ್ಲಿ ಹಳೇ ಆಸ್ಟಿನ್ ಸೆವೆನ್ ಒಂದನ್ನು ಪ್ರೇಯಸಿಯ ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಚ್ಚಿ ಬೇರೆಯೇ ಕಾರು ಕಟ್ಟಿದ. ಅದೇ ಮೊದಲ ಲೋಟಸ್. ಸ್ಪೋರ್ಟ್ಸ್ ಕಾರು ಅನ್ನುವುದು ಮೇಲಿನಿಂದ ಇಳಿದು ಬಂದ ವಸ್ತು ಅಲ್ಲ. ದಿನಬಳಕೆಯ ಕಾರನ್ನು ಯಾರೋ ಶೆಡ್ಡಿನಲ್ಲಿ ಕೂತು ತಿದ್ದಿದ್ದು.

ಇದರ ಲಾಭ ನಮಗೆ ಹೇಗೆ ಬಂತು ನೋಡಿ. ಹಿಂದುಸ್ತಾನ್ ಮೋಟರ್ಸ್ ಕೈಹಾಕಿದ್ದೂ ಅದೇ ಮಾರಿಸ್ ಕಾರುಗಳಿಗೆ. ಅವರ ಶುರುವಿನ ಹಿಂದುಸ್ತಾನ್ 10 ಅಂದರೆ ಮಾರಿಸ್ 10. ಅದೇ ಮಾರಿಸ್ 10ರ ಎಂಜಿನ್ನನ್ನು ದೊಡ್ಡದು ಮಾಡಿ, 1250 ಸಿಸಿಗೆ ಏರಿಸಿ, ಎಂಜಿ ಟಿಸಿ ಎಂಬ ಸ್ಪೋರ್ಟ್ಸ್ ಕಾರಿಗೆ ಹಾಕಿದ್ದರು. ಆಮೇಲೆ ಬಂದ ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಪಡಿಯಚ್ಚು. ಮೊದಲು ಅದಕ್ಕೆ ಹಳೇ ಮಾದರಿಯ ಎಂಜಿನ್ ಇತ್ತು, ಬೇಗನೇ 1489 ಸಿಸಿ ಎಂಜಿನ್ ಬಂತು. ಬಿಎಂಸಿ ಕಂಪನಿಯ ಬಿ-ಸೀರೀಸ್.

1955ರಲ್ಲಿ ಬಂದ ಎಂಜಿಎ ಕಾರಿನ ಎಂಜಿನ್ ಯಾವುದು? ಅದೂ ಬಿ-ಸೀರೀಸ್, ಅದೂ 1489 ಸಿಸಿ. ಸಿಲಿಂಡರಿನ ಅಗಲ ಎರಡರಲ್ಲೂ 73 ಮಿಲಿಮೀಟರ್ ಚಿಲ್ಲರೆ, ಪಿಸ್ಟನ್ ಓಡಾಟ 88.9 ಮಿಲಿಮೀಟರ್. ಎಂಜಿಎಗೆ ಎರಡು ಕಾರ್ಬುರೇಟರ್, ಚುರುಕಿನ ಟ್ಯೂನಿಂಗ್, ಸುಮಾರು 70 ಕುದುರೆಶಕ್ತಿ. ಅಂಬಾಸಿಡರಿಗೆ ಒಂದೇ ಕಾರ್ಬುರೇಟರ್, ಸುಮಾರು 50. ಅಣ್ಣ ಪಂಚಾಯ್ತಿ ಕಚೇರಿಗೆ ಹೋದ, ತಮ್ಮ ಕಬಡ್ಡಿ ಟೀಮಿಗೆ ಸೇರಿದ. ಮೂಳೆ ಮಾತ್ರ ಒಂದೇ.

ಹೀಗಾಗಿ ಇಂಗ್ಲೆಂಡಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯಬೇಕಾದ ರಿಂಗ್ ಸೆಟ್, ಬೇರಿಂಗ್ ಶೆಲ್, ಗ್ಯಾಸ್ಕೆಟ್ ಹುಬ್ಬಳ್ಳಿಯ ಅಂಗಡಿಯಲ್ಲಿ 'ಅಂಬಾಸಿಡರ್ ಪಾರ್ಟ್' ಅಂತ ಕೇಳಿದರೆ ಸಿಗುವ ಹಾಗಾಯಿತು. ಮದರಾಸಿನ ಹೆರಾಲ್ಡ್ ಮತ್ತು ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ ನಡುವೆಯೂ ಇಂಥದ್ದೇ ರಕ್ತಸಂಬಂಧ. ಎಲ್ಲವೂ ನೇರವಾಗಿ ಕೂರುತ್ತಿತ್ತು ಅಂತಲ್ಲ. ಯಾವುದು ಕೂರುತ್ತದೆ, ಯಾವುದನ್ನು ಅರೆಯಬೇಕು, ಯಾವುದು ಬೇಡವೇ ಬೇಡ ಅನ್ನುವ ತಿಳಿವಳಿಕೆ ಪುಸ್ತಕದಲ್ಲಿ ಇರಲಿಲ್ಲ. ಮಿಸ್ತ್ರಿಯ ತಲೆಯಲ್ಲಿತ್ತು.

ಅಂಗಳದ ಪಾಠ

ಮತ್ತೆ ಹೊನ್ನಾವರಕ್ಕೆ ಬನ್ನಿ. ಕ್ರೇನ್ ಇಲ್ಲ, ಮಾವಿನ ಮರದ ಗಟ್ಟಿ ಕೊಂಬೆಗೆ ಚೈನ್ ಕಟ್ಟಿ ಎಂಜಿನ್ ಎತ್ತಿದ್ದಾಯ್ತು. ಹೆಡ್ ಬಿಚ್ಚಿ ಒಳಗೆ ಬೆರಳಾಡಿಸಿದರೆ ಸಿಲಿಂಡರಿನ ಮೇಲ್ತುದಿಯಲ್ಲಿ ಒಂದು ಏಣು ತಾಗುತ್ತದೆ. ರಿಂಗ್ ತಾಗಿ ತಾಗಿ ಗೋಡೆ ಸವೆದ ಗುರುತು ಅದು. ಈಗ ಬ್ಲಾಕನ್ನು ಬೋರ್ ಮಾಡಿಸಬೇಕು, ಅಂದರೆ ಒಳಗೋಡೆಯನ್ನು ಮೆಷಿನ್ನಿನಲ್ಲಿ ಒಂದಿಷ್ಟೇ ಕೆರೆದು ಮತ್ತೆ ಪೂರ್ತಿ ದುಂಡಗೆ ಮಾಡಿಸಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕಬೇಕು. ಒಂದಿಷ್ಟು ಅಂದರೆ ಎಷ್ಟು? ಇಂಚಿನ ಸಾವಿರದಲ್ಲಿ 20 ಭಾಗ, ಅರ್ಧ ಮಿಲಿಮೀಟರ್. ಈ ಕೆಲಸ ಅಂಗಳದಲ್ಲಿ ಆಗುವುದಲ್ಲ. ಬ್ಲಾಕನ್ನು ಇಬ್ಬರು ಹೊತ್ತು ಬಸ್ಸಿನ ಟಾಪಿಗೆ ಹಾಕಿ ಘಟ್ಟ ಹತ್ತಿಸಬೇಕು.

ಉಳಿದದ್ದು ಮನೆಯಲ್ಲೇ ಆಗುತ್ತದೆ. ಗ್ಯಾಸ್ಕೆಟ್ ಬೇಕಾ? ದಪ್ಪ ಕಾಗದವನ್ನು ಲೋಹದ ಮೇಲಿಟ್ಟು ಅಂಚಿನ ಗುಂಟ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದರೆ ಆ ಅಂಚೇ ಕತ್ತರಿ. ತಾಮ್ರದ ವಾಷರ್ ಗಡಸಾಗಿದೆಯಾ? ಕೆಂಪಗೆ ಕಾಯಿಸಿ ನೀರಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಉಕ್ಕಿಗೆ ಹಾಗೇ ಮಾಡಿದರೆ ತಿರುಗಾ ಗಡಸಾಗುತ್ತದೆ! ಈ ವ್ಯತ್ಯಾಸ ಗೊತ್ತಿದ್ದವನೇ ಮಿಸ್ತ್ರಿ. ಪ್ಲಗ್ಗಿನ ಸಂದು ಅಳೆಯಲು ಸಾಧನ ಇಲ್ಲವೇ? ಹ್ಯಾಕ್ಸಾ ಬ್ಲೇಡ್ ತೂರಿಸಿ ನೋಡಿ. ಅದರ ದಪ್ಪ ಹೆಚ್ಚುಕಡಿಮೆ ಆ ಸಂದಿನಷ್ಟೇ.

ಕುಮಟಾ, ಹೊನ್ನಾವರ, ಭಟ್ಕಳದಂಥ ಊರುಗಳಿಗೆ ಇನ್ನೊಂದು ಅನುಕೂಲ ಇದೆ: ಬಂದರು. ಯಾಂತ್ರಿಕ ದೋಣಿಗಳು ಬಂದ ಮೇಲೆ ಲೇಥ್ ಅಂಗಡಿ, ವೆಲ್ಡಿಂಗ್, ಡೀಸೆಲ್ ಎಂಜಿನ್ ಬಲ್ಲವರು ಜೊತೆಗೇ ಬಂದರು. ಸಮುದ್ರದ ಮಧ್ಯೆ ಎಂಜಿನ್ ನಿಂತರೆ ಕೈಯಲ್ಲಿದ್ದದ್ದರಲ್ಲೇ ನಡೆಸಿಕೊಂಡು ದಡ ಸೇರಬೇಕಲ್ಲ ಮಾರಾಯ್ರೇ.

ಒಂದು ಎಚ್ಚರಿಕೆ ಕೂಡ ಈ ಪಾಠದಲ್ಲೇ ಇದೆ. ಗ್ಯಾಸ್ಕೆಟ್ ತಪ್ಪಿದರೆ ಎಣ್ಣೆ ಸೋರುತ್ತದೆ, ಅಷ್ಟೇ. ಬ್ರೇಕು, ಸ್ಟಿಯರಿಂಗ್ ತಪ್ಪಿದರೆ ಜೀವ ಹೋಗುತ್ತದೆ. ಎಲ್ಲಿ ಜುಗಾಡ್ ಮಾಡಬಾರದು ಅನ್ನುವುದೂ ವಿದ್ಯೆಯೇ.

ಬಡವರ ಉಪಾಯ ಅಷ್ಟೇನಾ?

ಅಲ್ಲ. ನ್ಯೂಜಿಲೆಂಡಿನ ಬರ್ಟ್ ಮನ್ರೋ ಅನ್ನುವವರು 1920ರ 'ಇಂಡಿಯನ್' ಬ್ರ್ಯಾಂಡಿನ ಒಂದು ಬೈಕನ್ನು ದಶಕಗಟ್ಟಲೆ ಶೆಡ್ಡಿನಲ್ಲಿ ತಿದ್ದಿದರು. ಹಳೇ ಡಬ್ಬಿಗಳನ್ನೇ ಅಚ್ಚು ಮಾಡಿಕೊಂಡು ಪಿಸ್ಟನ್ ಎರಕ ಹೊಯ್ದರು. 1967ರಲ್ಲಿ, 68ನೇ ವಯಸ್ಸಿನಲ್ಲಿ, ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಲ್ಲಿ ಗಂಟೆಗೆ 295 ಕಿಲೋಮೀಟರ್ ಓಡಿಸಿ 1000 ಸಿಸಿ ಒಳಗಿನ ದಾಖಲೆ ಬರೆದರು.

ನಮ್ಮಲ್ಲೇ ನೋಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಬೈಕು ತಯಾರಾದವು. ಮೊದಲು ಜಾವಾ, ಆಮೇಲೆ ಯೆಜ್ಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಂಪನಿ ಸತ್ತಿತು, ಬೈಕು ಸಾಯಲಿಲ್ಲ. ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರಿನಲ್ಲಿರುವ ಆ ಗಾಡಿಯನ್ನು ಜನ ಮನೆಯಲ್ಲೇ ಬಿಚ್ಚಿ ಕಟ್ಟಿ ಓಡಿಸಿದರು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ ಅದಕ್ಕೊಂದು ಬೆಲೆ ಉಳಿದಿತ್ತಲ್ಲ, ಅದನ್ನು ಉಳಿಸಿದ್ದು ಈ 22 ವರ್ಷ ಕೈಗೆ ಗ್ರೀಸ್ ಮೆತ್ತಿಕೊಂಡವರು.

ಕಾನೂನು ಕೇಳುವ ಪ್ರಶ್ನೆ

ಈಗ ಕಥೆಯ ತೊಡಕು. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರಗಳ ಪ್ರತ್ಯೇಕ ನಂಬರ್. ಒಳ್ಳೆಯದೇ. ಆದರೆ ಒಂದು ಷರತ್ತು ಇದೆ: ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು.

ನಿಯಮದ ಉದ್ದೇಶ ಅರ್ಥವಾಗುತ್ತದೆ. ನಕಲಿ ವಿಂಟೇಜ್ ತಡೆಯಬೇಕು. ಆದರೆ ಹೊನ್ನಾವರದ ಅಂಗಳದ ಆ ಕಾರನ್ನು ನೆನಪು ಮಾಡ್ಕೊಳ್ಳಿ. ರಿಂಗು, ಬೇರಿಂಗ್ ಬದಲಿಸಿದ್ದು ರಿಪೇರಿ. ಬ್ಲಾಕೇ ಒಡೆದು ಹೋಗಿ ಇಡೀ ಅಂಬಾಸಿಡರ್ ಎಂಜಿನ್ ಕೂರಿಸಿದ್ದರೆ? ಅದು ಮಾರ್ಪಾಡು. ಆ ಕಾರು 'ಮೂಲ' ಅಲ್ಲ. ಅಂದರೆ, ಯಾವ ಉಪಾಯದಿಂದ ಕಾರು ಗುಜರಿಗೆ ಹೋಗದೆ ಉಳಿಯಿತೋ, ಅದೇ ಉಪಾಯ ಈಗ ಅದರ ದೋಷ. ಲೈಸೆನ್ಸ್ ಕಾಲದ ನಿಜವಾದ ದಾಖಲೆ ಅಂದರೆ ಆ ಬೆರಕೆ ಎಂಜಿನ್ನೇ ಅಲ್ವಾ? ಇಂಗ್ಲೆಂಡಿನಲ್ಲಿ ಹೊಚ್ಚಹೊಸದಾಗಿ ಉಳಿದ ಎಂಜಿಎ ಆ ದೇಶದ ಕಥೆ ಹೇಳುತ್ತದೆ. ಅಂಬಾಸಿಡರ್ ಎಂಜಿನ್ನಿನ ಎಂಜಿಎ ನಮ್ಮ ಕಥೆ ಹೇಳುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಬೆರಕೆ ಗಾಡಿಗೆ ಮೂಲ ಗಾಡಿಯ ಬೆಲೆ ಬೇಡ, ಸುಳ್ಳು ಹೆಸರೂ ಬೇಡ. ಆದರೆ ಏನು ಬದಲಾಯಿತು, ಯಾವಾಗ, ಯಾಕೆ ಅಂತ ಬರೆದಿಟ್ಟು ಹಾಗೇ ಉಳಿಸಿಕೊಳ್ಳಲು ಒಂದು ದಾರಿ ಬೇಕು.

ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ದಾಯಾದಿಯ ಮನೆಯ ಬಾಗಿಲೂ ಮುಚ್ಚಿತು. ಈಗಿನ ಕಾರಿನಲ್ಲಿ ಕಂಪ್ಯೂಟರ್ ಇದೆ, ಸುತ್ತಿಗೆ ತಟ್ಟಿ ಗ್ಯಾಸ್ಕೆಟ್ ಮಾಡಿದ ಹಾಗೆ ಅದರ ಸಾಫ್ಟ್‌ವೇರ್ ಬಿಚ್ಚಲಾಗದು. ಹಾಗಾಗಿ ಒಂದು ಕೆಲಸ ಮಾಡಿ. ನಿಮ್ಮೂರಲ್ಲಿ ಹಳೇ ಲೇಥ್ ಅಂಗಡಿ ಇದ್ದರೆ, ವಯಸ್ಸಾದ ಮಿಸ್ತ್ರಿ ಇದ್ದರೆ, ಹೋಗಿ ಕೂತು ಮಾತಾಡಿಸಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. "ಈ ಪಾರ್ಟ್ ಸಿಗದಿದ್ದಾಗ ಏನು ಮಾಡ್ತಿದ್ರಿ?" ಅಂತ ಕೇಳಿ. ಅವರು ಚಾ ತರಿಸಿ ಒಂದು ಗಂಟೆ ಮಾತಾಡ್ತಾರೆ, ಬೇಕಾದರೆ ನೋಡಿ.