ಲಿಫ್ಟಿನ ಸುರಕ್ಷೆ ಮತ್ತು ವಸತಿ ಸಂಘದ ಹೊಣೆ

ಮುಂಬಯಿ ಪ್ರಾಂತದಲ್ಲಿ ಲಿಫ್ಟುಗಳಿಗೆಂದೇ ಪ್ರತ್ಯೇಕ ಕಾಯ್ದೆ ಬಂದುದು 1939ರಲ್ಲಿ. ಆ ಬಾಂಬೆ ಲಿಫ್ಟ್ ಕಾಯ್ದೆಯ ತರುವಾಯ ಮಹಾರಾಷ್ಟ್ರವು ಲಿಫ್ಟ್, ಎಸ್ಕಲೇಟರ್ ಮತ್ತು ಚಲಿಸುವ ಪಥಗಳಿಗೆ ಸಂಬಂಧಿಸಿದ 2017ರ ಕಾಯ್ದೆಯನ್ನು ರೂಪಿಸಿತು. ಇದರ ವ್ಯಾಪ್ತಿ ಇಡೀ ರಾಜ್ಯ. ಮುಂಬಯಿಯ ಗಗನಚುಂಬಿಗೂ, ಆಗ್ರಾ ಹೆದ್ದಾರಿಯ ಮೇಲಿರುವ ನಾಶಿಕ ಜಿಲ್ಲೆಯ ಚಾಂದವಡ್‌ನಲ್ಲಿ ಏಳುವ ನಾಲ್ಕಂತಸ್ತಿನ ಕಟ್ಟಡಕ್ಕೂ ಕಾಯ್ದೆ ಒಂದೇ. ಊರಿನಲ್ಲಿ ಫ್ಲ್ಯಾಟ್ ಹೊಂದಿರುವ ನಮ್ಮ ಬಂಧುಗಳು ಕರ್ನಾಟಕದಲ್ಲಿಯೂ 1974ರಲ್ಲೊಮ್ಮೆ, 2012ರಲ್ಲಿ ಮತ್ತೊಮ್ಮೆ ಇಂಥ ಕಾಯ್ದೆಯಾಗಿದೆ ಎಂಬುದನ್ನು ನೆನಪಿಡಬಹುದು.

ಲಿಫ್ಟನ್ನು ಸ್ಥಾಪಿಸಲು ಅನುಮತಿ ಬೇಕು, ನಡೆಸಲು ಲೈಸೆನ್ಸ್ ಬೇಕು. ಸರಕಾರಿ ನಿರೀಕ್ಷಕರ ತಪಾಸಣೆಗೆ ಅದನ್ನು ಒಡ್ಡಬೇಕು. ಇವೆಲ್ಲವನ್ನೂ ಪಾಲಿಸಬೇಕಾದವನು ಮಾಲೀಕ. ಸಹಕಾರಿ ವಸತಿ ಸಂಘದ ಕಟ್ಟಡವಾದರೆ ಸಂಘ. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಕೊಟ್ಟ ಮಾತ್ರಕ್ಕೆ ಈ ಹೊಣೆ ಕಳೆಯುವುದಿಲ್ಲ. ಅಪಘಾತ ಸಂಭವಿಸಿದರೆ ನಿರೀಕ್ಷಕರಿಗೆ ತಿಳಿಸಬೇಕಾದದ್ದೂ ಮಾಲೀಕನೇ.

ಹಗ್ಗ ಕಡಿದು ಲಿಫ್ಟು ಬಿದ್ದೀತೆಂಬುದೇ ಜನಸಾಮಾನ್ಯರ ಭಯ. ವಾಸ್ತವದಲ್ಲಿ ಒಂದಲ್ಲ, ಹಲವು ಉಕ್ಕಿನ ಹಗ್ಗಗಳಿರುತ್ತವೆ. ವೇಗ ಮಿತಿ ಮೀರಿದರೆ ಗವರ್ನರ್ ಎಂಬ ಸಾಧನವು ಹಿಡಿತಗಳನ್ನು ಎಳೆದು, ಅವು ಮಾರ್ಗದರ್ಶಕ ಹಳಿಗಳನ್ನು ಕಚ್ಚಿ ನಿಲ್ಲಿಸುತ್ತವೆ. ಹಗ್ಗ ಕಡಿದರೂ ಲಿಫ್ಟು ಬೀಳದೆಂಬುದನ್ನು ಎಲಿಷಾ ಓಟಿಸ್ 1854ರಲ್ಲಿಯೇ ನ್ಯೂಯಾರ್ಕಿನಲ್ಲಿ ತನ್ನ ಹಿಡಿತದ ಸಾಧನದಿಂದ ಸಾರ್ವಜನಿಕರೆದುರು ತೋರಿಸಿದ್ದನು. ಇನ್ನೊಂದು ಸೋಜಿಗ: ಪ್ರತಿತೂಕವು ಖಾಲಿ ಪೆಟ್ಟಿಗೆಗಿಂತ ಭಾರವಾಗಿರುವುದರಿಂದ, ಬ್ರೇಕ್ ಕೈಕೊಟ್ಟರೆ ಒಬ್ಬನೇ ಇರುವ ಲಿಫ್ಟು ಕೆಳಗಲ್ಲ, ಮೇಲಕ್ಕೆ ಧಾವಿಸುತ್ತದೆ.

ನಿಜವಾಗಿ ಅಂಜಬೇಕಾದುದು ಬಾಗಿಲಿಗೆ. ನಮ್ಮ ಬ್ಯಾಂಕುಗಳ ಲಾಕರಿಗೆ ಎರಡು ಕೀಲಿಗಳಿರುವಂತೆ ಇಲ್ಲಿಯೂ ಎರಡು ಕಟ್ಟುಪಾಡುಗಳಿವೆ. ಪೆಟ್ಟಿಗೆ ಬಂದು ನಿಲ್ಲದ ಹೊರತು ಅಂತಸ್ತಿನ ಬಾಗಿಲು ತೆರೆಯಬಾರದು. ಬಾಗಿಲು ಮುಚ್ಚದ ಹೊರತು ಪೆಟ್ಟಿಗೆ ಚಲಿಸಬಾರದು. ಲಿಫ್ಟು ಪದೇ ಪದೇ ನಿಲ್ಲುತ್ತದೆಂದು ಈ ಸಂಪರ್ಕವನ್ನು ತಂತಿಯಿಂದ ಜೋಡಿಸಿಬಿಡುವ ‘ತಾತ್ಕಾಲಿಕ’ ದುರಸ್ತಿಯನ್ನು ಯಾವ ಸಮಿತಿಯೂ ಒಪ್ಪಕೂಡದು. ಹಾಗೆ ಮಾಡಿದಲ್ಲಿ ಕತ್ತಲಲ್ಲಿ ಬಾಗಿಲು ತೆರೆದವನು ಕಾಲಿಡುವುದು ಬರಿಯ ಕೂಪಕ್ಕೆ. ಬಾಗಿಲನ್ನು ಹೊರಗಿನಿಂದ ತೆರೆಯುವ ತುರ್ತು ಕೀಲಿಯನ್ನು ಕಾವಲುಗಾರನ ಮೊಳೆಗೆ ತೂಗುಹಾಕುವುದೂ ಅಷ್ಟೇ ಅಪಾಯಕರ. ಎರಡು ಅಂತಸ್ತುಗಳ ನಡುವೆ ಸಿಲುಕಿದವರು ಗಂಟೆ ಒತ್ತಿ ಒಳಗೇ ಕಾಯಬೇಕು. ಪೆಟ್ಟಿಗೆಯಲ್ಲಿ ಗಾಳಿಯಾಡುತ್ತದೆ, ಉಸಿರು ಕಟ್ಟದು. ಜಿಗಿಯಲು ಹೋದವನು ಪೆಟ್ಟಿಗೆಯ ಕೆಳಗಿನ ಸಂದಿನಿಂದ ಗುಂಡಿಗೆ ಜಾರುವುದುಂಟು. ಬೆಂಕಿ ಬಿದ್ದಾಗಲಂತೂ ಮೆಟ್ಟಿಲೇ ಗತಿ.

ಭಾರತೀಯ ಮಾನಕವು ಒಬ್ಬ ಪ್ರಯಾಣಿಕನಿಗೆ 68 ಕಿಲೋ ಎಂದು ಎಣಿಸುತ್ತದೆ. ಆದ್ದರಿಂದಲೇ ಆರು ಮಂದಿಯ ಲಿಫ್ಟಿನ ಫಲಕದಲ್ಲಿ 408 ಕಿಲೋ, ಎಂಟು ಮಂದಿಯದರಲ್ಲಿ 544 ಕಿಲೋ ಎಂದಿರುವುದು. (ಮದುವೆಯೂಟ ಮುಗಿಸಿ ಬಂದ ಆರು ಮಂದಿಗೆ ಈ ಲೆಕ್ಕ ಸಾಲದು!) ಮನೆ ಬದಲಿಸುವಾಗ ಗ್ರಾನೈಟ್ ಚಪ್ಪಡಿ, ಕಪಾಟುಗಳನ್ನು ಪ್ರಯಾಣಿಕರ ಲಿಫ್ಟಿನಲ್ಲಿ ತುರುಕುವ ರೂಢಿ ತಪ್ಪು. ಭಾರವು ಒಂದೇ ಅಂಚಿಗೆ ಬಿದ್ದರೆ ಹೊಸ್ತಿಲೂ ಹಳಿಯೂ ಬಾಗುತ್ತವೆ. ಸರಕಿನ ಲಿಫ್ಟನ್ನು ಆ ಹೊಡೆತಕ್ಕೆಂದೇ ಕಟ್ಟಿರುತ್ತಾರೆ. ಅದು ಜನರ ನಿತ್ಯ ಓಡಾಟಕ್ಕಲ್ಲ.

ಖರ್ಚಿನ ಮಾತಿಗೆ ಬಂದರೆ, ಮಹಾರಾಷ್ಟ್ರದ ವಸತಿ ಸಂಘಗಳ ಮಾದರಿ ಉಪನಿಯಮದ ಪ್ರಕಾರ ಲಿಫ್ಟಿನ ದುರಸ್ತಿ ಮತ್ತು ನಿರ್ವಹಣೆಯ ವೆಚ್ಚವನ್ನು ಆ ಕಟ್ಟಡದ ಎಲ್ಲ ಸದಸ್ಯರೂ ಸಮಾನವಾಗಿ ಭರಿಸಬೇಕು. ಬಳಸಿದರೂ ಸರಿ, ಬಳಸದಿದ್ದರೂ ಸರಿ. ನೆಲಮಾಳಿಗೆಯ ಸದಸ್ಯರು ಮಹಾಸಭೆಯಲ್ಲಿ ಎತ್ತುವ ತಕರಾರಿಗೆ ಇದೇ ಉತ್ತರ.