ಎಲೆಯೊಳಗಿನ ರಾಜ್ಯ

ಕಳೆದ ಬೇಸಗೆಯಲ್ಲಿ ಕೃಷ್ಣರಾಜನಗರದ ನೆಂಟರ ಮನೆಯಲ್ಲಿ ಒಂದು ಉಪನಯನ. ಊಟ ಮುಗಿದು, ತಾಂಬೂಲದ ತಟ್ಟೆ ಕೈಯಿಂದ ಕೈಗೆ ಸಾಗುತ್ತಿದ್ದ ಹೊತ್ತು. ಪಡಸಾಲೆಯ ಜಮಖಾನದ ಮೇಲೆ ಹುಣಸೂರಿನಿಂದ ಬಂದಿದ್ದ ನಿವೃತ್ತ ಮೇಷ್ಟರು, ಪಿರಿಯಾಪಟ್ಟಣದ ವಕೀಲರು, ನಾನು. ಕಂಬಕ್ಕೆ ಒರಗಿ ಕುಳಿತ ಹೆಗ್ಗಡದೇವನಕೋಟೆಯ ಅಜ್ಜಿ. ವಕೀಲರ ಜೇಬಿನಿಂದ ಇಸ್ಪೀಟಿನ ಕಟ್ಟು ಹೊರಬಂದಿತು. ರಮ್ಮಿಗೆ ಇನ್ನೊಂದು ಕೈ ಬೇಕಾಗಿತ್ತು. ಮೂಲೆಯಲ್ಲಿ ಪುಸ್ತಕ ಹಿಡಿದಿದ್ದ ಬೆಂಗಳೂರಿನ ಹುಡುಗನನ್ನು ಕರೆದರೆ ಅವನು ತಲೆಯೆತ್ತಲಿಲ್ಲ.

“ಏನೋ ಅದು, ಅಷ್ಟು ಮುಳುಗಿ ಓದೋ ಅಂಥಾದ್ದು?” ಎಂದರು ಮೇಷ್ಟರು.

“ಇಸ್ಪೀಟಿನ ಥರದ್ದೇ ಒಂದು ಆಟ ಇದೆ ತಾತ. ಆ ಆಟದ ಮೇಲೆ ಬರೆದ ಕಾದಂಬರಿ” ಎಂದ ಹುಡುಗ.

ಆಟ ನಿಂತಿತು, ಚರ್ಚೆ ಹತ್ತಿತು.

ಆ ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ 1993ರಲ್ಲಿ ಹೊರತಂದದ್ದು. ಆಟಗಾರರಿಬ್ಬರೂ ಮಾಂತ್ರಿಕರು, ಒಂದೊಂದು ಎಲೆಯೂ ಒಂದೊಂದು ಮಂತ್ರ, ಇಲ್ಲವೆ ಒಂದೊಂದು ಜೀವಿ. ಮರುವರ್ಷವೇ, 1994ರಲ್ಲಿ, ವಿಲಿಯಂ ಫೋರ್ಸ್ಟ್‌ಚನ್ ಎಂಬವರು ಈ ಆಟವನ್ನು ಆಧರಿಸಿ ‘ಅರೀನಾ’ ಎಂಬ ಕಾದಂಬರಿ ಬರೆದರು. ಹುಡುಗನ ಕೈಯಲ್ಲಿದ್ದದ್ದು ಅದೇ. ಒಕ್ಕಣ್ಣ ಮಾಂತ್ರಿಕನೊಬ್ಬ ಹಬ್ಬದ ಕಾಳಗ ನಡೆಯುವ ನಗರಕ್ಕೆ ಬಂದು ಒಬ್ಬೊಬ್ಬರನ್ನೇ ಎದುರಿಸುವ ಕಥೆ. ಸೋತವನ ಮಂತ್ರವೊಂದು ಗೆದ್ದವನ ಪಾಲಾಗುತ್ತದೆ. ಆಟದ ಮೊದಲ ದಿನಗಳಲ್ಲಿ ಸೋತವನ ಎಲೆಯೊಂದನ್ನು ಗೆದ್ದವನು ಇಟ್ಟುಕೊಳ್ಳುವ ನಿಯಮವೂ ಇತ್ತಂತೆ.

ಹುಡುಗ ಇಷ್ಟು ಹೇಳುವಷ್ಟರಲ್ಲಿ ತೀರ್ಪುಗಳು ಹೊರಬಿದ್ದವು. ಮೇಷ್ಟರೆಂದರು: “ಎಲೆ ಮಾರೋದಕ್ಕೆ ಬರೆದ ಕಥೆ. ಇದನ್ನ ಸಾಹಿತ್ಯ ಅನ್ನೋದಾದರೆ ಸಾಬೂನಿನ ಜಾಹೀರಾತೂ ಕಾವ್ಯವೇ.” ವಕೀಲರ ಆಕ್ಷೇಪ ಬೇರೆ ಬಗೆಯದು: “ಆಟದಲ್ಲಿ ಯಾವ ಎಲೆ ಬರುತ್ತೋ ಯಾರಿಗೂ ತಿಳಿಯೋದಿಲ್ಲ. ಕಥೆಯಲ್ಲಿ ಬರೆಯೋನೇ ಎಲೆ ಹಂಚೋನು. ಬೇಕಾದವನಿಗೆ ತುರುಪು ಕೊಡ್ತಾನೆ. ಅದರಲ್ಲಿ ಸ್ವಾರಸ್ಯ ಏನು ಬಂತು?” ಅಜ್ಜಿಯದು ಒಂದೇ ಮಾತು: “ಧರ್ಮರಾಯನಂಥೋನನ್ನೇ ಆಟ ಬೀದಿಗೆ ತಂತು. ಆಟದ ಕಥೆ ಮಕ್ಕಳಿಗೆ ಯಾಕಪ್ಪಾ?” ಇಷ್ಟು ಹೇಳಿ, ಸ್ವಲ್ಪ ಸುಮ್ಮನಿದ್ದು, “ಆ ಒಕ್ಕಣ್ಣ ಆಮೇಲೇನಾದ?” ಎಂದು ಕೇಳಿದರು.

ನಾಲ್ಕು ತಾಲ್ಲೂಕಿನ ನೆಂಟರು ಒಂದು ಜಮಖಾನದ ಮೇಲೆ ಕುಳಿತು ಕೊಟ್ಟ ಈ ತೀರ್ಪುಗಳನ್ನು ನಕ್ಕು ಬಿಟ್ಟುಬಿಡಬಹುದಾಗಿತ್ತು. ಆದರೆ ಮೈಸೂರು ಸೀಮೆಯಲ್ಲಿ ಎಲೆಗೂ ಕಥೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಉಚಿತವೆಂದು ತೋರಿತು.

ಮೊದಲು ಅಜ್ಜಿಯ ಆಕ್ಷೇಪ. ನಮ್ಮ ಜನ ಆಟವನ್ನು ಕಥೆಯಲ್ಲಿ ಕಂಡದ್ದು ಮುಖ್ಯವಾಗಿ ಕೇಡಿನ ಬಾಗಿಲಾಗಿಯೇ. ಭಾರತದ ದ್ಯೂತ ಸರಿಯೇ ಸರಿ. ಕನಕದಾಸರ ‘ನಳಚರಿತ್ರೆ’ಯನ್ನು ಓದಿಸಿ ಕೇಳಿದ ಮನೆಗಳಲ್ಲಿ, ಪುಷ್ಕರನೊಡನೆ ಜೂಜಿಗೆ ಕುಳಿತ ನಳ ಉಟ್ಟ ಬಟ್ಟೆಯಲ್ಲಿ ಕಾಡಿಗೆ ಹೋದದ್ದು ಎಲ್ಲರಿಗೂ ಗೊತ್ತು. ಇಂದಿಗೂ ಪತ್ರಿಕೆಯಲ್ಲಿ ಇಸ್ಪೀಟಿನ ಸುದ್ದಿ ಬಂದರೆ ಅದು ಅಂದರ್ ಬಾಹರ್ ಅಡ್ಡೆಗೆ ಪೊಲೀಸರು ನುಗ್ಗಿದ ಸುದ್ದಿ. ಆದರೆ ನಳನ ಕಥೆಯ ಕೊನೆಯನ್ನು ನಾವು ಮರೆಯುತ್ತೇವೆ. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣ ರಾಜ ಓಡುವ ರಥದಿಂದಲೇ ಮರದ ಎಲೆ, ಕಾಯಿಗಳ ಲೆಕ್ಕ ಹೇಳುತ್ತಾನೆ. ಅವನಿಂದ ನಳ ಅಕ್ಷವಿದ್ಯೆಯನ್ನು ಕಲಿಯುತ್ತಾನೆ. ಬದಲಿಗೆ ತನ್ನ ಅಶ್ವವಿದ್ಯೆಯನ್ನು ಕೊಡುತ್ತಾನೆ. ವಿದ್ಯೆ ಕೈಸೇರಿದ ಕ್ಷಣವೇ ಕಲಿ ಅವನ ಮೈಬಿಟ್ಟು ಹೊರಡುತ್ತಾನೆ. ಆಟದಿಂದ ಕೆಟ್ಟವನು ಆಟವನ್ನು ಅರಿತು ಉಳಿದ. ಗೆಲುವಿಗೆ ವಿದ್ಯೆ ಕೈಬದಲಾಗುವ ಒಕ್ಕಣ್ಣನ ಕಥೆ ಅಷ್ಟೇನೂ ಪರದೇಶದ್ದಲ್ಲ.

ಇನ್ನು ಎಲೆಯ ಮಾತು. 1527ರಲ್ಲಿ ಬಾಬರ್ ಸಿಂಧ್ ಪ್ರಾಂತದ ಷಾ ಹಸನನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಅಕ್ಬರನ ಕಾಲದ 12 ಬಣ್ಣದ, 144 ಎಲೆಯ ಕಟ್ಟನ್ನು ಅಬುಲ್ ಫಜಲ್ ವರ್ಣಿಸಿದ್ದಾನೆ. ಗಂಜೀಫದ ಎಲೆಗಳು ಸಾಮಾನ್ಯವಾಗಿ ದುಂಡಗೆ. ಮೇಲೆ ಬಣ್ಣದ ಚಿತ್ರ, ಅರಗಿನ ಹೊಳಪು. ಹಿಂದೂಗಳ ಕೈಗೆ ಬಂದಾಗ ಈ ಆಟ ದಶಾವತಾರವಾಯಿತು: ಅವತಾರಕ್ಕೊಂದು ಬಣ್ಣ, ಬಣ್ಣಕ್ಕೊಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕಿಯ ಎಲೆ, ಒಟ್ಟು 120. ಹಗಲಲ್ಲಿ ಆಡಿದರೆ ರಾಮನ ಎಲೆ ಇದ್ದವನು ಮೊದಲು ಇಳಿಯಬೇಕು, ಇರುಳಾದರೆ ಕೃಷ್ಣನ ಎಲೆ ಇದ್ದವನು. ಪುರಾಣ ಇಲ್ಲಿ ಬರಿಯ ಅಲಂಕಾರವಲ್ಲ. ಆಟದ ನಿಯಮದೊಳಕ್ಕೇ ಇಳಿದಿದೆ.

ಈ ಬಳ್ಳಿ ಅತ್ಯಂತ ಸೊಂಪಾಗಿ ಹಬ್ಬಿದ್ದು ನಮ್ಮ ಮೈಸೂರಿನಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ. (ಕೃಷ್ಣರಾಜನಗರಕ್ಕೆ ಹೆಸರು ಕೊಟ್ಟವರು ನಾಲ್ವಡಿಯವರು, ಎರಡನ್ನೂ ಕೂಡಿಸಬಾರದು.) 1794ರಲ್ಲಿ ಹುಟ್ಟಿ, 1799ರಲ್ಲಿ ಐದು ವರ್ಷದ ಬಾಲಕರಾಗಿ ಪಟ್ಟಕ್ಕೆ ಬಂದ ಈ ದೊರೆಯ ಕೈಯಿಂದ ಇಂಗ್ಲಿಷರು 1831ರಲ್ಲಿ ಆಡಳಿತವನ್ನು ತೆಗೆದುಕೊಂಡರು. ಪಟ್ಟ ಉಳಿಯಿತು, ರಾಜ್ಯಭಾರ ಹೋಯಿತು. 1868ರಲ್ಲಿ ತೀರಿಕೊಳ್ಳುವ ತನಕ ಅದು ಅವರ ಕೈಗೆ ಮರಳಲಿಲ್ಲ. ಒಂಬತ್ತು ನಿಧಿಗಳ ‘ಶ್ರೀತತ್ತ್ವನಿಧಿ’ ಅವರ ಆಶ್ರಯದ ಮಹಾಗ್ರಂಥ. ಅದರ ಕೊನೆಯ ನಿಧಿ ‘ಕೌತುಕನಿಧಿ’ಯಲ್ಲಿ ಆಟಗಳ ಸಂಪತ್ತೇ ಇದೆ. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದು ಸಲ ನಡೆಸುವ ಲೆಕ್ಕದಲ್ಲಿ ಅವರು ನಿಪುಣರು. ಎಲೆಯಾಟದಲ್ಲಿ ‘ಛದ’ ಎಂಬ ಹೆಸರಿನ ಹಲವು ಬಗೆಗಳು ಅಲ್ಲಿ ರೂಪುಗೊಂಡವು. ಸಂಸ್ಕೃತದಲ್ಲಿ ಛದವೆಂದರೂ ಎಲೆಯೇ. ಚಾಮುಂಡೇಶ್ವರಿ ಛದ ಒಂದಕ್ಕೇ 16 ಬಣ್ಣ, 320 ಎಲೆ!

ರಾಜ್ಯವಿಲ್ಲದ ರಾಜನೊಬ್ಬ ಎಲೆಗಳ ಮೇಲೆ ರಾಜರನ್ನೂ ಮಂತ್ರಿಗಳನ್ನೂ ದೇವತೆಗಳನ್ನೂ ಬರೆಯಿಸುತ್ತ ಕುಳಿತ ಚಿತ್ರವನ್ನು ನೆನೆದರೆ, ಇದು ಹೊತ್ತು ಕಳೆಯುವ ಹವ್ಯಾಸ ಮಾತ್ರವೇ ಆಗಿತ್ತೆಂದು ನನಗೆ ತೋರುವುದಿಲ್ಲ. ಕಮಿಷನರರ ಕಚೇರಿಯಲ್ಲಿ ನಡೆಯದ ಅಪ್ಪಣೆ ಈ ಎಲೆಗಳ ರಾಜ್ಯದಲ್ಲಿ ನಡೆಯುತ್ತಿತ್ತು. ಅದೇ ದೊರೆಯ ಹೆಸರಿನಲ್ಲಿ ‘ಸೌಗಂಧಿಕಾಪರಿಣಯ’ವೆಂಬ ಅದ್ಭುತ ಕಥೆಯೂ ಇದೆ. ಕೆಂಪುನಾರಾಯಣನ ‘ಮುದ್ರಾಮಂಜೂಷ’ (1823) ಹುಟ್ಟಿದ್ದೂ ಅವರ ಕಾಲದಲ್ಲೇ. ಎಲೆ ಅಲ್ಲಿತ್ತು, ಅದ್ಭುತವೂ ಅಲ್ಲಿತ್ತು, ಕನ್ನಡ ಗದ್ಯವೂ ಆಗತಾನೆ ಹೊಸ ಹುರುಪಿನಿಂದ ಎದ್ದು ಕುಳಿತಿತ್ತು. ಎಲೆಯ ರಾಜ ಎದ್ದುಬಂದು ಕಥೆಯಲ್ಲಿ ಮಾತಾಡುವುದು ಮಾತ್ರ ಇಂಗ್ಲೆಂಡಿನಲ್ಲಿ ನಡೆಯಿತು.

ನಡೆದದ್ದಾದರೂ ಯಾವಾಗ? ಮುಮ್ಮಡಿಯವರು ಬದುಕಿರುವಾಗಲೇ. 1865ರಲ್ಲಿ ಆಕ್ಸ್‌ಫರ್ಡಿನ ಗಣಿತದ ಅಧ್ಯಾಪಕರೊಬ್ಬರು ಲೂಯಿ ಕ್ಯಾರೊಲ್ ಎಂಬ ಹೆಸರಿನಲ್ಲಿ ಆಲಿಸಳ ಕಥೆಯನ್ನು ಅಚ್ಚು ಹಾಕಿಸಿದರು. ಅಲ್ಲಿ ತೋಟದ ಮಾಲಿಗಳು ಇಸ್ಪೀಟು, ಸಿಪಾಯಿಗಳು ಕಳಾವರು, ಆಸ್ಥಾನಿಕರು ಡೈಮನ್, ರಾಜಕುಮಾರರು ಆಟೀನು. ಇಂಗ್ಲಿಷಿನಲ್ಲಿ ಇಸ್ಪೀಟಿನ ಹೆಸರಿಗೆ ಸನಿಕೆಯೆಂದೂ ಕಳಾವರಿನ ಹೆಸರಿಗೆ ದೊಣ್ಣೆಯೆಂದೂ ಅರ್ಥವಿರುವುದರಿಂದ, ಸನಿಕೆಯವರು ತೋಟ ಅಗೆದರು, ದೊಣ್ಣೆಯವರು ಕಾವಲು ನಿಂತರು. ನಮ್ಮಲ್ಲಿ ಈ ಹೆಸರುಗಳಿಗೆ ಆಟದ ಹೊರಗೆ ಅರ್ಥವೇ ಇಲ್ಲವಾದ್ದರಿಂದ ಈ ಚಮತ್ಕಾರ ಕನ್ನಡದಲ್ಲಿ ದಕ್ಕುವುದು ಕಷ್ಟ. ಆದರೂ ನಾ. ಕಸ್ತೂರಿಯವರು ಆಲಿಸಳನ್ನು ಕನ್ನಡಕ್ಕೆ ಕರೆತಂದು ‘ಪಾತಾಳದಲ್ಲಿ ಪಾಪಚ್ಚಿ’ಯನ್ನಾಗಿ ಮಾಡಿದರು. ಕೇರಳದಲ್ಲಿ ಹುಟ್ಟಿ, ಮೈಸೂರಿಗೆ ಬಂದು ಕನ್ನಡ ಕಲಿತು, ‘ಅನರ್ಥಕೋಶ’ವನ್ನೇ ಬರೆದವರಿಗೆ ಆ ಧೈರ್ಯ ಸಲ್ಲುವಂಥದೇ. ಆಲಿಸಳ ಹೆಸರು ಪಾಪಚ್ಚಿಯಾದ ಕೂಡಲೇ ಪಾತಾಳ ನಮ್ಮ ಹಿತ್ತಲಿನ ಬಾವಿಯಷ್ಟು ಹತ್ತಿರವಾಗಿಬಿಟ್ಟಿತು.

ಆ ಪುಸ್ತಕಕ್ಕೂ ನಮ್ಮ ಮೇಷ್ಟರಂಥ ವಿಮರ್ಶಕರು ಸಿಕ್ಕಿದ್ದರು. ಅದು ಹೊರಬಂದ ವರ್ಷವೇ ಲಂಡನ್ನಿನ ‘ಅಥೀನಿಯಂ’ ಪತ್ರಿಕೆ, ಇದು ಬಿಗಿದುಕೊಂಡ ಕೃತಕ ಕಥೆ, ಮಕ್ಕಳಿಗೆ ಹಿಗ್ಗಿಗಿಂತ ಗೊಂದಲವೇ ಹೆಚ್ಚಾದೀತು ಎಂಬರ್ಥದ ತೀರ್ಪು ಕೊಟ್ಟಿತು. 1931ರಲ್ಲಿ ಚೀನದ ಹುನಾನ್ ಪ್ರಾಂತದಲ್ಲಿ, ಪ್ರಾಣಿಗಳು ಮನುಷ್ಯರಂತೆ ಮಾತಾಡುವುದು ಸಲ್ಲದೆಂದು ಪುಸ್ತಕವನ್ನೇ ನಿಷೇಧಿಸಿದರು. ಅದಕ್ಕೆ ಸುಮಾರು 900 ವರ್ಷ ಹಿಂದೆಯೇ ನಮ್ಮ ದುರ್ಗಸಿಂಹ ಕನ್ನಡದ ಪಂಚತಂತ್ರದಲ್ಲಿ ನರಿಗಳಿಂದ ರಾಜನೀತಿ ಹೇಳಿಸಿದ್ದನು!

ರವೀಂದ್ರನಾಥ ಠಾಕೂರರ ಉದಾಹರಣೆ ಇನ್ನೂ ಗಂಭೀರ. 1892ರ ತಮ್ಮದೇ ಒಂದು ಕಥೆಯನ್ನು ಅವರು 1933ರಲ್ಲಿ ‘ತಾಸೇರ್ ದೇಶ್’, ಅಂದರೆ ‘ಎಲೆಗಳ ದೇಶ’, ಎಂಬ ನಾಟಕವಾಗಿಸಿದರು. ಹಡಗೊಡೆದು ದಡಕ್ಕೆ ಬಿದ್ದ ರಾಜಕುಮಾರನಿಗೆ ಸಿಕ್ಕುವುದು ಎಲೆಗಳೇ ಪ್ರಜೆಗಳಾದ ಒಂದು ನಾಡು. ಅಲ್ಲಿ ಏಳುವುದು, ಕೂರುವುದು, ತಿರುಗುವುದು ಎಲ್ಲಕ್ಕೂ ನಿಯಮ, ನಗುವುದೇ ಅಪರಾಧ. ಕೊನೆಗೆ ಎಲೆಗಳಿಗೆ ಇಚ್ಛೆ ಹುಟ್ಟುತ್ತದೆ, ಎಲೆ ಮನುಷ್ಯವಾಗುತ್ತದೆ. ಮುಂದಿನ ಮುದ್ರಣವನ್ನು ಅವರು ಸುಭಾಷಚಂದ್ರ ಬೋಸರಿಗೆ ಅರ್ಪಿಸಿದರು. ಪರರ ಆಳ್ವಿಕೆಯಲ್ಲಿದ್ದ ದೇಶದ ಓದುಗರಿಗೆ ಇಸ್ಪೀಟಿನ ಕಥೆ ಏನು ಹೇಳಿತೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ವಕೀಲರ ಆಕ್ಷೇಪಕ್ಕೆ ಉತ್ತರ ಇಲ್ಲಿದೆಯೆಂದು ನನ್ನ ಭಾವನೆ. ಆಟದಲ್ಲಿ ನಿಯಮವನ್ನು ನಂಬಿ ಕೂರುತ್ತೇವೆ. ಕಥೆಯಲ್ಲಿ ನಿಯಮಕ್ಕೆ ಸಿಕ್ಕಿಬಿದ್ದವನ ಪಾಡನ್ನು ನೋಡುತ್ತೇವೆ. ಮುಂದೇನೆಂಬುದು ಬರೆದವನಿಗೆ ಗೊತ್ತು, ನಿಜ. ನಳ ಸೋಲುತ್ತಾನೆಂಬುದು ಕೇಳುವವರಿಗೂ ಗೊತ್ತು. ಗೊತ್ತಿದ್ದೂ ಎದೆ ಹೊಡೆದುಕೊಳ್ಳುವುದು ದಾಳಕ್ಕಾಗಿ ಅಲ್ಲ, ದಮಯಂತಿಗಾಗಿ.

ಮೇಷ್ಟರ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದಲ್ಲ. ವ್ಯಾಪಾರಕ್ಕೆಂದೇ ಹುಟ್ಟಿದ ಕಥೆಗಳು ಬೇಕಾದಷ್ಟಿವೆ. ಬಹುಪಾಲು ಎಲೆಯ ಕಟ್ಟಿನೊಂದಿಗೇ ಹಳತಾಗುತ್ತವೆ. ಆದರೆ ಹುಟ್ಟಿನ ಕಾರಣ ನೋಡಿಯೇ ಕೃತಿಯನ್ನು ತೂಗುವುದಾದರೆ, ಮೇಷ್ಟರ ಹುಣಸೂರು ತಾಲ್ಲೂಕೇ ಅಡ್ಡ ನಿಲ್ಲುತ್ತದೆ. ದೇವರಾಜ ಅರಸರ ಊರಾಗಿ ನಾವು ಬಲ್ಲ ಕಲ್ಲಹಳ್ಳಿಯಲ್ಲಿ 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನಿದ್ದ. ‘ಸಮ್ಯಕ್ತ್ವಕೌಮುದಿ’ಯಂಥ ಧರ್ಮಕಥೆ ಬರೆದ ಅದೇ ಕವಿ ‘ಸೂಪಶಾಸ್ತ್ರ’ವೆಂದು ಅಡಿಗೆಯನ್ನೂ ಪದ್ಯದಲ್ಲಿ ಬರೆದ. ಒಲೆಯ ಮುಂದಿನ ಮಾತು ಷಟ್ಪದಿಗೆ ಹೊಂದಿದ ನಾಡಿನಲ್ಲಿ ಎಲೆಯ ಮಾತು ಕಥೆಗೆ ಒಲ್ಲದೆನ್ನುವುದು ನ್ಯಾಯವಲ್ಲ.

ಹಾಗಾದರೆ ಒರೆಗಲ್ಲು ಯಾವುದು? ಆಟ ತಿಳಿಯದವನಿಗೂ ಕಥೆ ಹಿಡಿಸಬೇಕು, ಇಷ್ಟೇ. ಮುಮ್ಮಡಿಯವರ ಛದಗಳಿಗೆ ಆದದ್ದನ್ನು ನೋಡಿ. ರುಡಾಲ್ಫ್ ಫಾನ್ ಲೇಡನ್ ಎಂಬ ಜರ್ಮನ್ ವಿದ್ವಾಂಸರು ಮುತುವರ್ಜಿಯಿಂದ ಅವುಗಳ ಬಗ್ಗೆ ಬರೆದರು. ಗಂಜೀಫ ರಘುಪತಿ ಭಟ್ಟರು ಆ ಚಿತ್ರಕಲೆಗೆ ಮತ್ತೆ ಜೀವ ಕೊಟ್ಟರು. ಎಲೆಗಳನ್ನು ಈಗ ಚಿತ್ರವೆಂದು ನೋಡುತ್ತೇವೆ, ಕೊಳ್ಳುತ್ತೇವೆ, ಗೋಡೆಗೆ ಹಾಕುತ್ತೇವೆ. 320 ಎಲೆ ಹಂಚಿಕೊಂಡು ಆಡಲು ಕೂರುವ ಮನೆಯನ್ನು ನಾನು ಕಂಡಿಲ್ಲ. ಆಟ ಮರೆಯಾದರೂ ಆ ಎಲೆಗಳು ನಮಗೆ ಅಪರಿಚಿತವಲ್ಲ; ಏಕೆಂದರೆ ಅವುಗಳ ಮೇಲಿರುವ ದೇವಿಯ ಕಥೆ ನಮ್ಮ ಮನೆಯದು. ಆಟ ಆಡುವವರಿರುವ ತನಕ ಬಾಳುತ್ತದೆ, ಕಥೆ ಕೇಳುವವರಿರುವ ತನಕ.

ಸಂಜೆ ಬಸ್ಸಿಗೆ ಹೊರಡುವಾಗ ಹುಡುಗನನ್ನು ಕೇಳಿದೆ: “ನೀನೂ ಆ ಆಟ ಆಡ್ತೀಯೇನೋ?”

“ಇಲ್ಲ ಮಾವ. ಎಲೆಗಳು ತುಂಬಾ ದುಡ್ಡು. ಆಟ ನನಗೆ ಬರೋದೇ ಇಲ್ಲ” ಎಂದ.

ಒಳಗಿನಿಂದ ಅಜ್ಜಿ ಕೂಗಿದರು: “ಬಾರೋ ಇಲ್ಲಿ. ಅವನು ಆ ಊರಿಗೆ ಯಾಕೆ ಬಂದಿದ್ದ ಅಂತ ಹೇಳಲೇ ಇಲ್ಲವಲ್ಲೋ ನೀನು!”

ಹುಡುಗ ಪುಸ್ತಕದೊಳಗೆ ಬೆರಳಿಟ್ಟುಕೊಂಡೇ ಒಳಗೆ ಓಡಿದ. ಅಜ್ಜಿಗೆ ಇಸ್ಪೀಟಿನಲ್ಲಿ ರಾಜ ಯಾವುದು, ಗುಲಾಮ ಯಾವುದು ಎಂಬುದೂ ತಿಳಿಯದು.