ಧ್ವನಿಮುದ್ರಿಕೆ, ಪೇಟೆ ಮತ್ತು ಹಳಹಳಿಕೆ: ಕೊಪ್ಪಳ ಸೀಮೆಯ ಸಮೀಪ ಇತಿಹಾಸಕ್ಕೆ ಒಂದು ಪೀಠಿಕೆ

ಗತಕಾಲದ ವಸ್ತುಗಳ ಮೇಲಣ ಮಮತೆಯು ಮನುಷ್ಯಸಹಜವಾದುದು. ಆದರೆ ಮಮತೆಯೇ ಇತಿಹಾಸವಲ್ಲ. ಮಮತೆಯು ತನಗೆ ಬೇಕಾದುದನ್ನು ಮಾತ್ರ ಆಯ್ದುಕೊಳ್ಳುತ್ತದೆ. ಇತಿಹಾಸವು ಬೇಡವಾದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಹಳೆಯ ಗ್ರಾಮಾಫೋನು, ಅದರ ತಟ್ಟೆಗಳು, ಮನೆಯ ನಡುಮನೆಯನ್ನು ಅಲಂಕರಿಸಿದ್ದ ಸ್ಟೀರಿಯೋ ಯಂತ್ರ, ಗಾದಿ ತಕ್ಯಾಗಳನ್ನು ಹಾಸಿದ ಪೇಟೆಯ ಹಳೆಯ ಅಂಗಡಿ ಇವುಗಳನ್ನು ಕುರಿತು ನಮ್ಮ ಹಿರಿಯರು ಹಳಹಳಿಸಿ ಮಾತನಾಡುವುದನ್ನು ನಾವೆಲ್ಲರೂ ಕೇಳಿದ್ದೇವೆ. ಈ ಹಳಹಳಿಕೆಯನ್ನು ಇತಿಹಾಸದ ವಿದ್ಯಾರ್ಥಿಯು ಹೇಗೆ ಬಳಸಿಕೊಳ್ಳಬೇಕು, ಎಲ್ಲಿ ಅದನ್ನು ಸಂದೇಹಿಸಬೇಕು ಎಂಬುದೇ ಪ್ರಕೃತ ಲೇಖನದ ವಿಷಯ. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯೆನಿಸಿದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ನಾವು ಉದಾಹರಣೆಗಾಗಿ ಆರಿಸಿಕೊಂಡಿದ್ದೇವೆ.

ಗತಸ್ಮರಣೆಯ ವೇದನೆಗೆ ಐರೋಪ್ಯ ಭಾಷೆಗಳಲ್ಲಿ ಸಲ್ಲುವ ‘ನಾಸ್ಟಾಲ್ಜಿಯಾ’ ಎಂಬ ಪದವನ್ನು 1688ರಲ್ಲಿ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿಯು ತನ್ನ ಪ್ರಬಂಧದಲ್ಲಿ ಟಂಕಿಸಿದನು. ಊರು ಬಿಟ್ಟು ಪರದೇಶದಲ್ಲಿದ್ದವರನ್ನು ಬಾಧಿಸುವ ರೋಗವೆಂದು ಅವನು ಅದನ್ನು ವರ್ಣಿಸಿದನು. ಮೊದಲು ದೇಶದ ದೂರವನ್ನು ಸೂಚಿಸುತ್ತಿದ್ದ ಪದವು ಕ್ರಮೇಣ ಕಾಲದ ದೂರವನ್ನು ಸೂಚಿಸತೊಡಗಿತು. ದೇಶವು ದೂರವಾದವನು ಮರಳಿ ಊರು ಸೇರಬಹುದು. ಕಾಲವು ದೂರವಾದವನಿಗೆ ಆ ಅವಕಾಶವಿಲ್ಲ. ಆದುದರಿಂದಲೇ ಅವನು ವಸ್ತುಗಳನ್ನು ಹಿಡಿದುಕೊಳ್ಳುತ್ತಾನೆ.

ಮೊದಲು ಆ ವಸ್ತುಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. 1902ರಲ್ಲಿ ಲಂಡನ್ನಿನ ಗ್ರಾಮಾಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗನು ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡನು. ಅಂದಿನ ಮುದ್ರಿಕೆಗಳು ಜರ್ಮನಿಯ ಹಾನೋವರ್ ನಗರದಲ್ಲಿ ತಯಾರಾಗಿ ಹಡಗಿನಲ್ಲಿ ಭಾರತಕ್ಕೆ ಬರುತ್ತಿದ್ದವು. ಹಾಡಿನ ಕೊನೆಗೆ ಗಾಯಕಿಯರು ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದುದು ಜಂಬಕ್ಕಾಗಿ ಅಲ್ಲ. ದೂರದ ಕಾರ್ಖಾನೆಯ ಕುಶಲಕರ್ಮಿಗಳಿಗೆ ಯಾವ ತಟ್ಟೆ ಯಾರದೆಂದು ತಿಳಿಯಲೆಂದು. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆಯು ಆರಂಭವಾಯಿತು. ಮುಂದೆ 1928ರಲ್ಲಿ ಡಂಡಂ ಎಂಬಲ್ಲಿ ದೊಡ್ಡ ಕಾರ್ಖಾನೆಯು ನಿರ್ಮಾಣವಾಯಿತು. ಇದೇ ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಮೈಸೂರಿನ ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡಳೆಂಬುದನ್ನು ಕನ್ನಡಿಗರು ನೆನೆಯತಕ್ಕದ್ದು.

ತಟ್ಟೆಯ ಮುಖ್ಯ ದ್ರವ್ಯ ಅರಗು. ಬಳೆಗೂ ಆಟಿಕೆಗೂ ನಮ್ಮವರು ಬಳಸುತ್ತಿದ್ದ ಅರಗೇ ಛೋಟಾನಾಗಪುರದ ಕಾಡುಗಳಿಂದ ಹೊರಟು ಜಗತ್ತಿನ ಸಂಗೀತವನ್ನು ಹೊತ್ತಿತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮುಗ್ಗುಲಿಗೆ ಸುಮಾರು ಮೂರು ನಿಮಿಷದ ಗಾನವು ಹಿಡಿಯುತ್ತಿತ್ತು. ಗಂಟೆಗಟ್ಟಲೆ ವಿಸ್ತರಿಸಬಹುದಾದ ರಾಗವನ್ನು ಮೂರು ನಿಮಿಷಕ್ಕೆ ಅಡಕಗೊಳಿಸುವುದು ಗಾಯಕರಿಗೆ ಹೊಸದೊಂದು ಶಿಸ್ತಾಯಿತು. ಕೀಲಿ ತಿರುಗಿಸಿ, ಉಕ್ಕಿನ ಮುಳ್ಳನ್ನು ಮತ್ತೆ ಮತ್ತೆ ಬದಲಿಸಿ ಕೇಳಬೇಕಾದ ಈ ಯಂತ್ರಕ್ಕೆ ವಿದ್ಯುತ್ತು ಬೇಕಿರಲಿಲ್ಲ. ವಿದ್ಯುದ್ದೀಪವಿಲ್ಲದ ಊರಿಗೂ ಅದು ಬರಲು ಸಾಧ್ಯವಾದುದು ಈ ಕಾರಣದಿಂದ.

ಈಗ ನಮ್ಮ ಸೀಮೆಯ ಸ್ಥಿತಿಯನ್ನು ಪರಿಶೀಲಿಸೋಣ. 1948ರ ಸೆಪ್ಟೆಂಬರಿನವರೆಗೆ ಈ ನಾಲ್ಕೂ ತಾಲ್ಲೂಕುಗಳು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಅವುಗಳಲ್ಲಿ ಕೊಪ್ಪಳ ಮತ್ತು ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರುಗಳಾಗಿದ್ದವು. ಆಡಳಿತದ ಭಾಷೆ ಉರ್ದು. ಜನರ ಭಾಷೆ ಕನ್ನಡ. ಚಲಾವಣೆಯ ನಾಣ್ಯ ಹಾಲಿ ಸಿಕ್ಕಾ. ಬ್ರಿಟಿಷ್ ಭಾರತದ ನಾಣ್ಯವಾದ ಕಲ್ದಾರ್ ಅದಕ್ಕಿಂತ ಹೆಚ್ಚಿನ ಬೆಲೆಯುಳ್ಳದ್ದು. ಗಡಿಯಲ್ಲಿ ಕರೋಡಗಿರಿ ಎಂಬ ಸುಂಕದ ಇಲಾಖೆಯ ನಾಕೆಗಳಿದ್ದವು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆಗಳನ್ನು ಒಂದೇ ಹಳಿಯಲ್ಲಿ ಪೋಣಿಸಿತು. ಈ ಹಳಿಯ ಮೇಲೆ ಕೊಪ್ಪಳದ ಪಡುವಣ ನೆರೆಯ ಗದಗು ಮುಂಬಯಿ ಇಲಾಖೆಗೆ ಸೇರಿತ್ತು. ಮೂಡಣ ನೆರೆಯ ಹೊಸಪೇಟೆ ಮದರಾಸು ಇಲಾಖೆಗೆ ಸೇರಿತ್ತು. ಮೂರು ಆಡಳಿತಗಳು ಕೂಡುವ ಎಡೆಯಲ್ಲಿದ್ದ ಈ ಸೀಮೆಗೆ ವಸ್ತುಗಳು ಮೂರು ದಿಕ್ಕಿನಿಂದಲೂ ಬರಬಹುದಾಗಿತ್ತು. ಆದರೆ ಪ್ರತಿಯೊಂದು ದಿಕ್ಕಿನಲ್ಲಿಯೂ ಸುಂಕ ಮತ್ತು ನಾಣ್ಯವಿನಿಮಯದ ತೊಡಕಿತ್ತು.

ಈ ಹಿನ್ನೆಲೆಯಲ್ಲಿ ಪೇಟೆಯ ವಿಚಾರವು ಮುಖ್ಯವಾಗುತ್ತದೆ. ಪ್ಯಾರಿಸಿನ ಬಾನ್ ಮಾರ್ಷೆ, ನ್ಯೂಯಾರ್ಕಿನ ಮೇಸೀಸ್ ಮೊದಲಾದ ಭಾರಿ ಮಳಿಗೆಗಳು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬೆಳೆದುವು. ಎಲ್ಲ ವಸ್ತುಗಳೂ ಒಂದೇ ಸೂರಿನಡಿ, ಬೆಲೆಯು ಚೀಟಿಯ ಮೇಲೆ, ಕೊಳ್ಳದವನಿಗೂ ಒಳಗೆ ಅಡ್ಡಾಡುವ ಸ್ವಾತಂತ್ರ್ಯ ಇವು ಅವುಗಳ ಲಕ್ಷಣ. ಮದರಾಸಿನಲ್ಲಿ ಸ್ಪೆನ್ಸರ್ ಮಳಿಗೆಯು ಇಂಥದೇ ಮಾದರಿಯದಾಗಿತ್ತು. ಹೈದರಾಬಾದಿನಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಪರಿಚಾರಕನಾಗಿದ್ದ ಆಲ್ಬರ್ಟ್ ಆಬಿದನು ಇಟ್ಟ ಅಂಗಡಿಯ ಹೆಸರು ಇಂದಿಗೂ ಆಬಿಡ್ಸ್ ಎಂಬ ಬಡಾವಣೆಗೆ ಉಳಿದಿದೆ. ಅಂಗಡಿಯು ಅಳಿದು ಹೆಸರು ಉಳಿಯುವುದು ಗತಸ್ಮರಣೆಯ ಒಂದು ರೀತಿಯೇ ಸರಿ.

ಕೊಪ್ಪಳ ಸೀಮೆಯ ಪೇಟೆಯು ಈ ಮಾದರಿಯದಲ್ಲ. ಇಲ್ಲಿ ವಾರದ ಸಂತೆ, ಜಾತ್ರೆಯ ಸಾಲಂಗಡಿ, ದಲಾಲಿ ಅಂಗಡಿ, ಜವಳಿ ಅಂಗಡಿ ಮತ್ತು ಕಿರಾಣಿ ಅಂಗಡಿ ಇವು ವ್ಯಾಪಾರದ ಅಂಗಗಳು. ಬೆಲೆಯು ಚೀಟಿಯ ಮೇಲಲ್ಲ, ಮಾತಿನ ಮೇಲೆ ನಿಂತಿತ್ತು. ಸುಗ್ಗಿಯವರೆಗೆ ಉದ್ರಿ, ಸುಗ್ಗಿಯ ಮೇಲೆ ಚುಕ್ತಾ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಕಿರ್ದಿ ಖಾತೆ. ಗಿರಾಕಿಯು ಗಾದಿಯ ಮೇಲೆ ಕುಳಿತು ಚಹ ಕುಡಿದು ಅರಿವೆಯನ್ನು ನೋಡುತ್ತಿದ್ದನೆಂಬ ನೆನಪು ಮಧುರವಾದುದು. ಆದರೆ ಗಾದಿಯ ಮೇಲೆ ಯಾರು ಕುಳಿತರು, ಅಂಗಡಿಯ ಕಟ್ಟೆಯ ಕೆಳಗೆ ಯಾರು ನಿಂತರು ಎಂಬ ಪ್ರಶ್ನೆಯನ್ನು ಆ ನೆನಪು ಎತ್ತುವುದಿಲ್ಲ. ಉದ್ರಿಯು ಒಬ್ಬನಿಗೆ ವಿಶ್ವಾಸದ ಗುರುತು. ಇನ್ನೊಬ್ಬನಿಗೆ ತೀರದ ಸಾಲದ ಮೊದಲ ಗೆರೆ. ಕಿರ್ದಿಯ ಒಂದೇ ಪುಟದಲ್ಲಿ ಈ ಎರಡೂ ಸಂಗತಿಗಳು ದಾಖಲಾಗಿರುತ್ತವೆ.

ಅಂಗಡಿಯೂ ತಟ್ಟೆಯೂ ಕೂಡಿಕೊಂಡ ಪ್ರಸಿದ್ಧ ಪ್ರಸಂಗವೊಂದು ಕೊಪ್ಪಳದ ನೆರೆಯ ಗದಗಿನಲ್ಲಿ ನಡೆಯಿತು. 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯ ಮುದ್ರಿಕೆಯನ್ನು ಕೇಳಿ ಮೈಮರೆತರು; 1933ರಲ್ಲಿ ಗುರುವನ್ನರಸಿ ಮನೆಬಿಟ್ಟು ಹೊರಟರು. ಈ ಪ್ರಸಂಗವನ್ನು ಪ್ರತಿಭೆಯ ಕಥೆಯಾಗಿ ಹೇಳುವುದು ವಾಡಿಕೆ. ಇತಿಹಾಸದ ದೃಷ್ಟಿಯಿಂದ ಅದು ಅಂಗಡಿಯ ಕಥೆಯೂ ಅಹುದು. ತಟ್ಟೆಯನ್ನು ಕೊಳ್ಳಲಾರದ ಬಾಲಕನಿಗೆ ಅಂಗಡಿಯು ಬಿಟ್ಟಿಯಾಗಿ ಸಂಗೀತವನ್ನು ಕೇಳಿಸಿತು. ಗಿರಾಕಿಗಳನ್ನು ಸೆಳೆಯಲು ಹಚ್ಚಿದ ಹಾಡು ಬೀದಿಯಲ್ಲಿ ನಿಂತವನಿಗೂ ಮುಟ್ಟಿತು. ಮನೆಯ ಗ್ರಾಮಾಫೋನು ಒಡೆಯನ ಸೊತ್ತು. ಅಂಗಡಿಯ ಗ್ರಾಮಾಫೋನು ಬೀದಿಯ ಸೊತ್ತು. ನಮ್ಮ ಸೀಮೆಯ ಬಹುಜನರು ಮುದ್ರಿತ ಸಂಗೀತವನ್ನು ಅರಿತದ್ದು ಈ ಎರಡನೆಯ ಬಗೆಯಿಂದಲೇ ಎಂಬುದು ನಮ್ಮ ಅಭಿಪ್ರಾಯ.

ತಟ್ಟೆಯು ಮತ್ತೊಂದು ಮಹತ್ತ್ವದ ಕಾರ್ಯವನ್ನು ಮಾಡಿತು. 1930ರ ದಶಕದ ಆರಂಭದಲ್ಲಿ ಗಂಗೂಬಾಯಿ ಹಾನಗಲ್ಲರು ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಗಾಗಿ ಮುಂಬಯಿಯಲ್ಲಿ ಹಾಡಿದರು. ಅವರ ಮೊದಲ ಮುದ್ರಿಕೆಗಳು ಗಾಂಧಾರಿ ಎಂಬ ಹೆಸರಿನಿಂದ ಹೊರಬಂದುವು. ಅದೇ ದಶಕದಲ್ಲಿ ಮಲ್ಲಿಕಾರ್ಜುನ ಮನಸೂರರು ಆ ಕಂಪನಿಗೆ ಹಾಡಿದುದಲ್ಲದೆ ಅದರ ಸಂಗೀತ ನಿರ್ದೇಶಕರಾಗಿಯೂ ಕೆಲಸ ಮಾಡಿದರು. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಕಂಠವು ಚಲಚ್ಚಿತ್ರದ ಮೂಲಕ ಭಾರತದಾದ್ಯಂತ ಹರಡಿತು. ಗಂಗೂಬಾಯಿಯವರು ತಾವು ಬಾಲ್ಯದಲ್ಲಿ ಅನುಭವಿಸಿದ ಜಾತಿಯ ತಾರತಮ್ಯವನ್ನು ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಯಾವ ಮನೆಗಳ ಹೊಸ್ತಿಲನ್ನು ಕಲಾವಂತ ಸ್ತ್ರೀಯರು ದಾಟುವಂತಿರಲಿಲ್ಲವೋ ಆ ಮನೆಗಳ ನಡುಮನೆಗೆ ಅವರ ಧ್ವನಿಯು ತಟ್ಟೆಯ ಮೂಲಕ ಪ್ರವೇಶಿಸಿತು. ಧ್ವನಿಗೆ ದೊರೆತ ಸ್ವಾಗತವು ಧ್ವನಿಯ ಒಡತಿಗೆ ದೊರೆತಿತೆ? ಹಳೆಯ ತಟ್ಟೆಗಳನ್ನು ಕುರಿತು ಹಳಹಳಿಸುವವರು ಈ ಪ್ರಶ್ನೆಯನ್ನು ಎದುರಿಸಲೇಬೇಕು.

ಸ್ವಾತಂತ್ರ್ಯಾನಂತರ ಸನ್ನಿವೇಶವು ತೀವ್ರವಾಗಿ ಬದಲಾಯಿತು. 1949ರಲ್ಲಿ ಜಹಗೀರುಗಳು ರದ್ದಾದುವು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿಯು ಆರಂಭವಾಯಿತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯಿತು. ಎಡದಂಡೆಯ ಕಾಲುವೆಯು ಗಂಗಾವತಿಯ ನೆಲವನ್ನು ಬತ್ತದ ನಾಡಾಗಿ ಮಾರ್ಪಡಿಸಿತು. ಕುಷ್ಟಗಿ ಯಲಬುರ್ಗಾಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಜೋಳದ ನೆಲವಾಗಿ ಉಳಿದುವು. 1956ರ ನವೆಂಬರ್ 1ರಂದು ಈ ಸೀಮೆಯು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಕಾಲುವೆಯ ನೀರು ಹರಿದಲ್ಲಿ ಕೊಳ್ಳುವ ಶಕ್ತಿಯೂ ಹರಿಯಿತು. ಆದ್ದರಿಂದ ಒಂದೇ ಜಿಲ್ಲೆಯೊಳಗೆ ರೇಡಿಯೊ, ತಟ್ಟೆಯಂತ್ರ, ಸ್ಟೀರಿಯೋಗಳ ನೆನಪು ಒಂದೇ ಪ್ರಮಾಣದಲ್ಲಿ ಇರಲಾರದು. ಗಂಗಾವತಿಯ ಅಕ್ಕಿ ಗಿರಣಿಯ ಮಾಲಿಕನ ಗತಕಾಲವೂ ಕುಷ್ಟಗಿಯ ಬರಗಾಲದ ವರ್ಷದಲ್ಲಿ ಗುಳೆ ಹೋದವನ ಗತಕಾಲವೂ ಬೇರೆ ಬೇರೆ.

ದೀರ್ಘಾವಧಿಯ ತಟ್ಟೆಗಳು 1948ರಲ್ಲಿ ಅಮೆರಿಕೆಯಲ್ಲಿ ಹುಟ್ಟಿ ಸುಮಾರು ಒಂದು ದಶಕದ ಬಳಿಕ ಭಾರತದಲ್ಲಿ ತಯಾರಾಗತೊಡಗಿದುವು. ಕೈಯಲ್ಲಿ ಹಿಡಿದೊಯ್ಯಬಹುದಾದ ‘ಫಿಯೆಸ್ಟಾ’ ತಟ್ಟೆಯಂತ್ರವೂ ಅನಂತರ ಎರಡು ಪೆಟ್ಟಿಗೆಗಳ ಸ್ಟೀರಿಯೋವೂ ನೌಕರಿಯುಳ್ಳ ಮನೆಗಳ ಹೆಮ್ಮೆಯ ವಸ್ತುಗಳಾದುವು. ಆದರೆ ಹಳ್ಳಿಗರ ನಿಜವಾದ ಗ್ರಾಮಾಫೋನು ಎಂದರೆ ಧ್ವನಿವರ್ಧಕವನ್ನು ಬಾಡಿಗೆಗೆ ಕೊಡುತ್ತಿದ್ದ ಮೈಕಿನವನ ಯಂತ್ರ. ಮದುವೆ, ಜಾತ್ರೆ, ಉರುಸು, ಬಯಲಾಟ ಯಾವುದಿದ್ದರೂ ಬೇವಿನ ಮರಕ್ಕೆ ಕಟ್ಟಿದ ಕಹಳೆಯಿಂದ ಚಲಚ್ಚಿತ್ರಗೀತೆಗಳು ಊರನ್ನೆಲ್ಲ ತುಂಬುತ್ತಿದ್ದುವು. ಯಾವ ತಟ್ಟೆಯ ನಂತರ ಯಾವುದೆಂಬುದನ್ನು ನಿರ್ಣಯಿಸುತ್ತಿದ್ದವನು ಅವನೇ. ಒಂದು ಪ್ರದೇಶದ ಅಭಿರುಚಿಯನ್ನು ರೂಪಿಸಿದವರಲ್ಲಿ ಅವನಿಗೂ ಸ್ಥಾನವಿದೆ. ಆದರೂ ಗತಸ್ಮರಣೆಯ ಬರಹಗಳಲ್ಲಿ ಅವನ ಹೆಸರಿಲ್ಲ.

ಇನ್ನೊಂದು ವಿಷಯವನ್ನೂ ಲಕ್ಷ್ಯದಲ್ಲಿಡಬೇಕು. ತಟ್ಟೆಯನ್ನು ತಯಾರಿಸುವ ಬಂಡವಾಳವು ದೊಡ್ಡದಾದುದರಿಂದ ಕಂಪನಿಯು ವಿಶಾಲ ಮಾರುಕಟ್ಟೆಯುಳ್ಳ ಹಾಡನ್ನೇ ಬಯಸುತ್ತಿತ್ತು. ಈ ಸೀಮೆಯ ದೊಡ್ಡಾಟದ ಪದ, ಗೀಗೀ ಪದ, ಮೊಹರಮ್ಮಿನ ರಿವಾಯತ, ತತ್ತ್ವಪದಗಳಿಗೆ ಆ ಮಾರುಕಟ್ಟೆಯಲ್ಲಿ ದೊರೆತ ಎಡೆ ಅತ್ಯಲ್ಪ. ಇಂಥ ಹಾಡುಗಳಿಗೆ ಸ್ಥಳೀಯ ಪೇಟೆಯಲ್ಲಿ ಬೆಲೆ ಬಂದುದು 1980ರ ದಶಕದಲ್ಲಿ ಅಗ್ಗದ ಕ್ಯಾಸೆಟ್ಟುಗಳು ಹರಡಿದ ಮೇಲೆ. ತಟ್ಟೆಯನ್ನು ಪೂಜಿಸಿ ಕ್ಯಾಸೆಟ್ಟನ್ನು ತುಚ್ಛೀಕರಿಸುವ ಗತಸ್ಮರಣೆಯು ಅರಿತೋ ಅರಿಯದೆಯೋ ಈ ಹಾಡುಗಾರರನ್ನು ಇತಿಹಾಸದಿಂದ ಹೊರಗಿಡುತ್ತದೆ. ಅಮೆರಿಕೆಯಲ್ಲಿ 2020ರಲ್ಲಿ ತಟ್ಟೆಗಳ ಮಾರಾಟದ ಹಣವು 1980ರ ದಶಕದ ನಂತರ ಮೊದಲ ಬಾರಿಗೆ ಸಿ.ಡಿ.ಗಳ ಹಣವನ್ನು ಮೀರಿತು. ತಟ್ಟೆಯ ಬೆಲೆ ಹೀಗೆ ಏರಿದಂತೆ ನಮ್ಮ ನೆನಪಿನಲ್ಲಿಯೂ ಅದರ ಸ್ಥಾನವು ಏರುವುದು ಸಹಜ. ಬೆಲೆಯಿಲ್ಲದ ಕ್ಯಾಸೆಟ್ಟು ತಿಪ್ಪೆಯನ್ನು ಸೇರುತ್ತದೆ.

ಆದುದರಿಂದ ಹಳಹಳಿಕೆಯನ್ನು ತಳ್ಳಿಹಾಕಬೇಕೆಂದು ನಾವು ಹೇಳುವುದಿಲ್ಲ. ಅದು ಇಲ್ಲದಿದ್ದರೆ ಈ ವಸ್ತುಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಅರಗಿನ ತಟ್ಟೆಯು ಕೈತಪ್ಪಿದರೆ ಒಡೆಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅರಗಿನ ಅಭಾವದಿಂದ ಅಮೆರಿಕೆಯಲ್ಲಿ ಹಳೆಯ ತಟ್ಟೆಗಳನ್ನು ಮರಳಿ ಪಡೆದು ಪುಡಿಮಾಡಿ ಹೊಸದನ್ನು ಅಚ್ಚೊತ್ತಿದರು. ಕಿರ್ದಿ ಪುಸ್ತಕಗಳು ರದ್ದಿಗೆ ಹೋಗುತ್ತವೆ. ಮಮತೆಯು ಕಾಪಾಡಿದುದನ್ನು ವಿಚಾರವು ಓದಬೇಕು.

ಓದುವ ಕ್ರಮವನ್ನು ಸೂಚಿಸಿ ಈ ಪೀಠಿಕೆಯನ್ನು ಮುಗಿಸುತ್ತೇವೆ. ತಟ್ಟೆಯ ನಡುವಣ ಚೀಟಿಯಲ್ಲಿ ಕಲಾವಿದರ ಹೆಸರು, ಭಾಷೆ, ಕಂಪನಿಯ ಕ್ರಮಾಂಕಗಳಿರುತ್ತವೆ. ಒಳಗಣ ಬಯಲಿನಲ್ಲಿ ಕೊರೆದ ಸಂಖ್ಯೆಯಿಂದ ಮುದ್ರಣದ ಕಾಲವನ್ನು ಊಹಿಸಬಹುದು. ಕಾಗದದ ಹೊದಿಕೆಯ ಮೇಲೆ ಮಾರಿದ ಅಂಗಡಿಯ ಹೆಸರೂ ಊರೂ ಅಚ್ಚಾಗಿರುವುದುಂಟು. ಗದಗು, ಹುಬ್ಬಳ್ಳಿ, ಹೊಸಪೇಟೆ, ಹೈದರಾಬಾದು ಈ ಹೆಸರುಗಳನ್ನು ಕ್ರಮವಾಗಿ ಬರೆದಿಟ್ಟರೆ, ಗಡಿ ಸುಂಕಗಳ ನಡುವೆಯೂ ಈ ಸೀಮೆಯ ಜನರು ಯಾವ ದಿಕ್ಕಿಗೆ ಮುಖಮಾಡಿ ಬಾಳಿದರೆಂಬ ನಕ್ಷೆಯು ಸಿದ್ಧವಾಗುತ್ತದೆ. ಅಂಗಡಿಯ ಕಿರ್ದಿಯಿಂದ ಯಾರು ಕೊಂಡರು, ಯಾವ ಸುಗ್ಗಿಯಲ್ಲಿ ತೀರಿಸಿದರು ಎಂಬುದು ತಿಳಿಯುತ್ತದೆ. ಹಿರಿಯರನ್ನು ಕೇಳುವಾಗ ‘ಯಾವ ಹಾಡನ್ನು ಕೇಳಿದಿರಿ’ ಎಂದು ಮಾತ್ರವಲ್ಲ, ‘ಎಲ್ಲಿ ನಿಂತು ಕೇಳಿದಿರಿ’ ಎಂದೂ ಕೇಳಬೇಕು. ನಡುಮನೆಯಲ್ಲಿ ಕುಳಿತವರ, ಅಂಗಡಿಯ ಮುಂದೆ ನಿಂತವರ, ಮರದ ಕಹಳೆಯ ಕೆಳಗೆ ನೆರೆದವರ ಉತ್ತರಗಳನ್ನು ಒಂದೇ ಪುಟದಲ್ಲಿ ಬರೆದಾಗ ಹಳಹಳಿಕೆಯು ಇತಿಹಾಸಕ್ಕೆ ಆಕರವಾಗುತ್ತದೆ. ನಾಲ್ಕು ತಾಲ್ಲೂಕುಗಳ ಕಾಲೇಜುಗಳ ವಿದ್ಯಾರ್ಥಿಗಳು ತಂತಮ್ಮ ಊರಿನಲ್ಲಿಯೇ ಮಾಡಬಹುದಾದ ಕಾರ್ಯವಿದು; ಅದಕ್ಕೆ ಒಂದು ನೋಟುಪುಸ್ತಕವೂ ಸ್ವಲ್ಪ ತಾಳ್ಮೆಯೂ ಸಾಕು.